ಕಾರ್ಪೆಟ್‌ಗೆ ನೀರು ಸುರಿಯುವ ಮೊದಲು

ಸಂಪಾದಕರೇ,

ನಿಮ್ಮ ಪತ್ರಿಕೆಯ ಮನೆಗೆಲಸದ ಪುಟದಲ್ಲಿ ಆಗಾಗ ಕಾರ್ಪೆಟ್ ಕ್ಲೀನ್ ಮಾಡುವ ಸಲಹೆಗಳು ಬರುತ್ತವೆ. ಎಲ್ಲವೂ ಹೆಚ್ಚುಕಡಿಮೆ ಒಂದೇ ಥರ. ಅಡುಗೆ ಸೋಡಾ ಉದುರಿಸಿ, ಅದರ ಮೇಲೆ ವಿನೆಗರ್ ಸುರಿಯಿರಿ, ನೊರೆ ಬಂದ ಮೇಲೆ ಬ್ರಷ್‌ನಿಂದ ಗಸಗಸ ಉಜ್ಜಿ, ಕಲೆ ಮಾಯ. ಓದೋಕೆ ಚೆನ್ನಾಗಿಯೇ ಇದೆ. ಆದರೆ ಕಾರ್ಪೆಟ್ ಯಾವ ನೂಲಿನದು ಎಂಬ ಮಾತು ಅಲ್ಲಿಲ್ಲ. ಒದ್ದೆ ಮಾಡಿದ್ದನ್ನು ಒಣಗಿಸುವುದು ಹೇಗೆ ಎಂಬ ಮಾತಂತೂ ಇಲ್ಲವೇ ಇಲ್ಲ. ನನ್ನ ತಕರಾರು ಇರುವುದು ಇಲ್ಲೇ. ಚೆನ್ನಾಗಿರುವ ಕಾರ್ಪೆಟ್ ಹಾಳಾಗುವುದು ಕೊಳೆಯಿಂದ ಅಷ್ಟೇ ಅಲ್ಲ, ತಪ್ಪಾಗಿ ತೊಳೆಯುವುದರಿಂದಲೂ ಹಾಳಾಗುತ್ತದೆ. ಆ ತಪ್ಪನ್ನು ಹೇಳಿಕೊಡುವುದು ಇಂಥ ನಾಲ್ಕು ಸಾಲಿನ ಸಲಹೆಗಳೇ.

ಸೋಡಾ-ವಿನೆಗರ್ ವಿಷಯ ಮೊದಲು ಮುಗಿಸಿಬಿಡುತ್ತೇನೆ. ಸೋಡಾ ಕ್ಷಾರ, ವಿನೆಗರ್ ಆಮ್ಲ. ಎರಡೂ ಸೇರಿದರೆ ಒಂದನ್ನೊಂದು ನುಂಗಿ ಹಾಕುತ್ತವೆ. ಗುಳ್ಳೆಯಾಗಿ ಹೊರಬರುವುದು ಕಾರ್ಬನ್ ಡೈಆಕ್ಸೈಡ್, ಕೆಳಗೆ ಉಳಿಯುವುದು ನೀರು ಮತ್ತು ಸೋಡಿಯಂ ಅಸಿಟೇಟ್ ಎಂಬ ಉಪ್ಪು. ನೊರೆ ನೋಡಿದರೆ ಏನೋ ದೊಡ್ಡ ಕೆಲಸ ನಡೀತಿದೆ ಅನ್ನಿಸುತ್ತದೆ, ಆದರೆ ಆ ಉಪ್ಪುನೀರಿಗೆ ಕಲೆ ತೆಗೆಯುವ ಶಕ್ತಿ ಹೆಚ್ಚೇನೂ ಇಲ್ಲ. ಬೇರೆ ಬೇರೆಯಾಗಿ ಬಳಸಿದರೆ ಎರಡಕ್ಕೂ ಉಪಯೋಗ ಇದೆ. ಒಣ ಸೋಡಾ ವಾಸನೆ ಎಳೆದುಕೊಳ್ಳುತ್ತದೆ, ನೀರು ಬೆರೆಸಿದ ವಿನೆಗರ್ ಟೀ-ಕಾಫಿ ಕಲೆಯನ್ನು ಸ್ವಲ್ಪ ಸಡಿಲ ಮಾಡುತ್ತದೆ. ಇನ್ನೊಂದು ಮಾತು, ಸೋಡಾ ಪುಡಿ ತುಂಬಾ ನುಣುಪು. ಡಬ್ಬಿಗಟ್ಟಲೆ ಸುರಿದು ವ್ಯಾಕ್ಯೂಮ್ ಕ್ಲೀನರ್ ಹಿಡಿದರೆ ಮೆಷಿನ್ನಿನ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಅರ್ಧ ಪುಡಿ ಕಾರ್ಪೆಟ್ಟಿನ ಬುಡದಲ್ಲೇ ಕೂತಿರುತ್ತದೆ. ವಾಸನೆಗೆ ಅಂತ ಹಾಕುವುದಾದರೆ ತೆಳ್ಳಗೆ ಉದುರಿಸಿ, ಕೆಲವು ಗಂಟೆ ಬಿಟ್ಟು ತೆಗೆದರೆ ಸಾಕು.

ಈಗ ಅಸಲು ವಿಷಯ. ಕಾರ್ಪೆಟ್ಟಿನಲ್ಲಿರುವ ಕೊಳೆಯಲ್ಲಿ ಬಹುಪಾಲು ಒಣ ಕೊಳೆ. ಕಾಲಿಗೆ ಅಂಟಿಕೊಂಡು ಬರುವ ಮಣ್ಣು, ಸಣ್ಣ ಮರಳು, ಬಟ್ಟೆಯ ಎಳೆ, ಕೂದಲು, ನಮ್ಮ ಚರ್ಮದಿಂದಲೇ ಉದುರುವ ಪುಡಿ. ಇದರಲ್ಲಿ ಕೇಡು ಮಾಡುವುದು ಮರಳು. ಅದರ ಅಂಚು ಚೂಪು. ಮೇಲೆ ನಡೆದಾಗಲೆಲ್ಲ ಅದು ನೂಲಿನ ಬುಡವನ್ನು ಕೊಯ್ಯುತ್ತಾ ಹೋಗುತ್ತದೆ. ಬಾಗಿಲಿನ ಹತ್ತಿರ, ಸೋಫಾ ಮುಂದೆ ಕಾರ್ಪೆಟ್ ಮಂಕಾಗಿ ಕಾಣುತ್ತದಲ್ಲ, ಎಷ್ಟು ತೊಳೆದರೂ ಆ ಮಂಕು ಪೂರ್ತಿ ಹೋಗುವುದಿಲ್ಲ. ಅದೆಲ್ಲ ಕೊಳೆಯಲ್ಲ. ನೂಲು ಸವೆದು ಗೀರು ಬಿದ್ದಾಗ ಬೆಳಕು ಅದರ ಮೇಲೆ ಬೇರೆ ರೀತಿ ಬೀಳುತ್ತದೆ, ಅದಕ್ಕೇ ಹಾಗೆ ಕಾಣುವುದು. ಹಾಗಾಗಿ ಒಣ ಕೊಳೆಯನ್ನು ಒಣಗಿರುವಾಗಲೇ ತೆಗೆಯಬೇಕು. ಅದನ್ನು ತೆಗೆಯದೆ ನೀರು ಹಾಕಿದರೆ ಏನಾಗುತ್ತದೆ? ಧೂಳು ಕೆಸರಾಗುತ್ತದೆ, ಕೆಸರು ಬುಡಕ್ಕಿಳಿಯುತ್ತದೆ. ಆಮೇಲೆ ಅದನ್ನು ಮೇಲೆತ್ತುವುದು ಯಾರಿಂದಲೂ ಸುಲಭಕ್ಕೆ ಆಗುವ ಕೆಲಸವಲ್ಲ.

ಇದು ಹೊಸ ತಿಳಿವಳಿಕೆ ಏನಲ್ಲ. 1876ರಲ್ಲೇ ಅಮೆರಿಕದಲ್ಲಿ ಮೆಲ್ವಿಲ್ ಬಿಸೆಲ್ ಎಂಬುವರು ಕಾರ್ಪೆಟ್ ಗುಡಿಸುವ ಚಕ್ರದ ಬ್ರಷ್ಷಿಗೆ ಪೇಟೆಂಟ್ ಪಡೆದಿದ್ದರು. 1901ರಲ್ಲಿ ಇಂಗ್ಲೆಂಡಿನ ಹ್ಯೂಬರ್ಟ್ ಸೆಸಿಲ್ ಬೂತ್ ಧೂಳು ಹೀರುವ ಯಂತ್ರ ಮಾಡಿದರು. ಅದು ಎಷ್ಟು ದೊಡ್ಡದಿತ್ತು ಅಂದರೆ ಕುದುರೆಗಾಡಿಯ ಮೇಲೆ ತಂದು ಬೀದಿಯಲ್ಲಿ ನಿಲ್ಲಿಸಿ, ಉದ್ದನೆಯ ಪೈಪನ್ನು ಕಿಟಕಿಯೊಳಗೆ ಬಿಟ್ಟು ಮನೆಯ ಧೂಳು ಎಳೆಯುತ್ತಿದ್ದರು. ಈಗ ಅದೇ ಕೆಲಸ ಮಾಡುವ ಮೆಷಿನ್ ಮನೆಯ ಮೂಲೆಯಲ್ಲಿ ಕೂತಿರುತ್ತದೆ, ಆದರೂ ನಾವು ಬಕೆಟ್ ಹಿಡಿದುಕೊಂಡು ಓಡುತ್ತೇವೆ.

ವ್ಯಾಕ್ಯೂಮ್ ಹಿಡಿಯುವುದರಲ್ಲೂ ಒಂದು ಕ್ರಮ ಇದೆ. ಸರಸರ ಎಳೆದರೆ ಮೇಲಿನ ಕಸ ಮಾತ್ರ ಬರುತ್ತದೆ. ನಿಧಾನಕ್ಕೆ ಎಳೆಯಬೇಕು, ಒಂದೇ ಜಾಗದ ಮೇಲೆ ಹಿಂದಕ್ಕೆ ಮುಂದಕ್ಕೆ ಕೆಲವು ಸಲ, ಆಮೇಲೆ ಅಡ್ಡಡ್ಡವಾಗಿ ಇನ್ನೊಂದು ಸಲ. ನೂಲು ಒಂದೇ ಕಡೆ ಮಲಗಿರುವುದರಿಂದ ದಿಕ್ಕು ಬದಲಿಸಿದಾಗಲೇ ಬುಡದ ಧೂಳು ಬಿಡುವುದು. ಮೆಷಿನ್ನಿನ ಚೀಲ ತುಂಬಿದ್ದರೆ ಎಳೆಯುವ ಶಕ್ತಿ ಕಡಿಮೆಯಾಗುತ್ತದೆ, ಅದನ್ನೂ ನೋಡಿಕೊಳ್ಳಿ. ತಿರುಗುವ ಬ್ರಷ್ ಇರುವ ಮೆಷಿನ್ ಕತ್ತರಿಸಿದ ನೂಲಿನ ಕಾರ್ಪೆಟ್ಟಿಗೆ ಒಳ್ಳೆಯದು. ಕುಣಿಕೆ ಕುಣಿಕೆಯಾಗಿ ನೇಯ್ದದ್ದಕ್ಕೆ, ಕೈಯಲ್ಲಿ ಗಂಟು ಹಾಕಿ ನೇಯ್ದದ್ದಕ್ಕೆ, ಅಂಚಿನ ಗೊಂಡೆಗಳಿಗೆ ಆ ಬ್ರಷ್ ಬೇಡ. ಎಳೆ ಸಿಕ್ಕಿಕೊಂಡು ಕಿತ್ತು ಬರುತ್ತದೆ.

ಮೆಷಿನ್ ಇಲ್ಲದವರು ಏನು ಮಾಡಬೇಕು? ಎತ್ತಿಕೊಂಡು ಹೋಗುವಂಥ ಕಾರ್ಪೆಟ್ ಆದರೆ ಹೊರಗೆ ತಂದು ದಪ್ಪ ಹಗ್ಗದ ಮೇಲೋ ಗೋಡೆಯ ಮೇಲೋ ಬೆನ್ನು ಹೊರಗೆ ಮಾಡಿ ಹಾಕಿ, ಹಿಂದಿನಿಂದ ಬಡಿಯಿರಿ. ಎದುರಿನಿಂದ ಬಡಿದರೆ ಧೂಳು ಒಳಗೇ ಹೋಗುತ್ತದೆ. ಕೋಪ ತೀರಿಸಿಕೊಳ್ಳುವ ಹಾಗೆ ಬಡಿಯುವುದು ಬೇಡ, ಹಳೆಯದಾದರೆ ಬುಡದ ದಾರಗಳೇ ಹರಿದುಹೋಗುತ್ತವೆ. ಹೊರಗೆ ತರಲು ಆಗದಿದ್ದರೆ ಕಾರ್ಪೆಟ್ಟನ್ನು ಅಲ್ಲೇ ಬೋರಲು ಹಾಕಿ ಬೆನ್ನ ಮೇಲೆ ತಟ್ಟಿ, ಎತ್ತಿ ನೋಡಿ. ನೆಲದ ಮೇಲೆ ಬಿದ್ದಿರುವ ಮಣ್ಣು ನೋಡಿದರೆ ಇಷ್ಟು ದಿನ ಇದರ ಮೇಲೆ ಕೂತಿದ್ದೆವಾ ಅನ್ನಿಸುತ್ತದೆ. ಆ ಮಣ್ಣು ಗುಡಿಸಿ ತೆಗೆದು ಮತ್ತೆ ತಟ್ಟಿ, ಉದುರುವುದು ನಿಲ್ಲುವ ತನಕ.

ಇಷ್ಟು ಮಾಡಿದರೆ ಎಷ್ಟೋ ಕಾರ್ಪೆಟ್‌ಗಳಿಗೆ ನೀರೇ ಬೇಕಾಗುವುದಿಲ್ಲ. ಬೇಕೇ ಬೇಕು ಅಂದರೆ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ. ಇದು ಯಾವ ನೂಲು?

ಹಿಂಭಾಗದಲ್ಲಿ ಲೇಬಲ್ ಇದ್ದರೆ ಸರಿ. ಇಲ್ಲದಿದ್ದರೆ ಅಂಚಿನಿಂದ ಒಂದು ಸಣ್ಣ ಎಳೆ ಕತ್ತರಿಸಿ, ಇಕ್ಕಳದಲ್ಲಿ ಹಿಡಿದು, ಸಿಂಕಿನ ಮೇಲೆ ಬೆಂಕಿ ತಾಗಿಸಿ ನೋಡಿ. ಪಕ್ಕದಲ್ಲಿ ನೀರು ಇಟ್ಟುಕೊಂಡು, ಮಕ್ಕಳಿಲ್ಲದ ಹೊತ್ತಿನಲ್ಲಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೆಂಕಿ ತಾನಾಗಿಯೇ ಆರುತ್ತದೆ, ಉಳಿದ ಕರಿ ಬೆರಳಲ್ಲಿ ಹಿಸುಕಿದರೆ ಪುಡಿಯಾಗುತ್ತದೆ. ನೈಲಾನ್, ಪಾಲಿಯೆಸ್ಟರ್, ಪಾಲಿಪ್ರೊಪಿಲೀನ್ ಆದರೆ ಕರಗಿ, ಆರಿದ ಮೇಲೆ ಗಟ್ಟಿ ಮಣಿಯಾಗುತ್ತದೆ. ಹತ್ತಿ, ಸೆಣಬು, ವಿಸ್ಕೋಸ್ ಆದರೆ ಕಾಗದ ಸುಟ್ಟ ಹಾಗೆ ಉರಿದು ಬೂದಿಯಾಗುತ್ತದೆ. ಬೆರಕೆ ನೂಲಿದ್ದರೆ ಈ ಪರೀಕ್ಷೆ ಗೊಂದಲ ಮಾಡುತ್ತದೆ, ಆಗ ನಾಜೂಕಿನದು ಅಂತಲೇ ಅಂದುಕೊಂಡು ನಡೆದುಕೊಳ್ಳುವುದು ಒಳ್ಳೆಯದು.

ಯಾಕೆ ಇಷ್ಟು ತಲೆಕೆಡಿಸಿಕೊಳ್ಳಬೇಕು ಅಂದರೆ, ಒಂದಕ್ಕೆ ಔಷಧಿಯಾದದ್ದು ಇನ್ನೊಂದಕ್ಕೆ ವಿಷ. ಉಣ್ಣೆ ಅಂದರೆ ಪ್ರೋಟೀನ್. ಬಟ್ಟೆ ಒಗೆಯುವ ಎಷ್ಟೋ ಪುಡಿಗಳಲ್ಲಿ ಪ್ರೋಟೀನ್ ಕಲೆಯನ್ನು ತಿನ್ನುವ ಕಿಣ್ವ ಇರುತ್ತದೆ, ಎನ್‌ಜೈಮ್ ಅಂತ ಪ್ಯಾಕೆಟ್ ಮೇಲೆ ಬರೆದಿರುತ್ತಾರೆ. ಅದಕ್ಕೆ ಕಲೆ ಯಾವುದು, ಉಣ್ಣೆ ಯಾವುದು ಅನ್ನುವ ಭೇದ ಇಲ್ಲ. ಕ್ಷಾರ ಜಾಸ್ತಿ ಇರುವ ಸೋಪು ಕೂಡ ಉಣ್ಣೆಯನ್ನು ಒರಟು ಮಾಡುತ್ತದೆ. ಕ್ಲೋರಿನ್ ಬ್ಲೀಚ್ ಅಂತೂ ಉಣ್ಣೆಯನ್ನು ಕರಗಿಸಿಯೇ ಬಿಡುತ್ತದೆ. ಬಿಸಿನೀರು ಹಾಕಿ ಉಜ್ಜಿದರೆ ಉಣ್ಣೆಯ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಗಂಟಾಗುತ್ತವೆ, ಆಮೇಲೆ ಬಾಚಿದರೂ ಬಿಡಿಸಲು ಆಗುವುದಿಲ್ಲ. ಇನ್ನು ವಿಸ್ಕೋಸ್. ರೇಷ್ಮೆಯ ಹೊಳಪು ಕಡಿಮೆ ಬೆಲೆಗೆ ಸಿಗುತ್ತದೆ ಅಂತ ಜನ ಕೊಳ್ಳುತ್ತಾರೆ. ಒದ್ದೆಯಾದರೆ ಅದರ ಬಲ ಅರ್ಧಕ್ಕರ್ಧ ಇಳಿಯುತ್ತದೆ, ಒಣಗಿದ ಮೇಲೆ ಹಳದಿ ತಿರುಗಿ ಬಿರುಸಾಗುತ್ತದೆ. ಬರೀ ನೀರು ಬಿದ್ದರೂ ಗುರುತು ಉಳಿಯುತ್ತದೆ. ನನ್ನ ಕೇಳಿದರೆ ಜನ ಓಡಾಡುವ ಕೋಣೆಗೆ ವಿಸ್ಕೋಸ್ ಕಾರ್ಪೆಟ್ ಹಾಕುವುದೇ ತಪ್ಪು. ಸೆಣಬೂ ಹಾಗೇ, ನೆನೆದು ನಿಧಾನಕ್ಕೆ ಒಣಗಿದರೆ ಕಂದು ಬಣ್ಣ ಮೇಲೆದ್ದು ಬರುತ್ತದೆ. ಗಟ್ಟಿಜೀವ ಅಂದರೆ ಪಾಲಿಪ್ರೊಪಿಲೀನ್. ನೀರು ಕುಡಿಯುವುದಿಲ್ಲ, ಬಣ್ಣ ಬಿಡುವುದಿಲ್ಲ, ಆದರೆ ಎಣ್ಣೆ ಜಿಡ್ಡು ಹತ್ತಿತು ಅಂದರೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ನೈಲಾನ್ ತುಳಿತಕ್ಕೆ ಚೆನ್ನಾಗಿ ತಾಳುತ್ತದೆ, ಆದರೆ ಬಣ್ಣದ ಪಾನೀಯ ಚೆಲ್ಲಿದರೆ ಬೇಗ ಹೀರಿಕೊಳ್ಳುತ್ತದೆ.

ಬಣ್ಣ ಬಿಡುತ್ತದೋ ಇಲ್ಲವೋ ಅಂತ ನೋಡುವುದು ಸುಲಭ. ಬಿಳಿ ಬಟ್ಟೆ ಒದ್ದೆ ಮಾಡಿ, ಕಾಣದ ಮೂಲೆಯಲ್ಲಿ ಒಂದೊಂದು ಬಣ್ಣದ ಮೇಲೂ ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ. ಬಟ್ಟೆಗೆ ಬಣ್ಣ ಹತ್ತಿದರೆ ಮನೆಯಲ್ಲಿ ತೊಳೆಯುವ ಯೋಚನೆ ಬಿಟ್ಟುಬಿಡಿ. ಯಾವ ದ್ರವ ಬಳಸುತ್ತೀರೋ ಅದರಿಂದಲೂ ಇದೇ ಪರೀಕ್ಷೆ ಮಾಡಬೇಕು, ಬರೀ ನೀರಿಗೆ ಬಿಡದ ಬಣ್ಣ ವಿನೆಗರಿಗೋ ಸೋಪಿಗೋ ಬಿಡಬಹುದು.

ಕಲೆಯ ವಿಷಯಕ್ಕೆ ಬರುತ್ತೇನೆ. ಏನಾದರೂ ಚೆಲ್ಲಿದ ತಕ್ಷಣ ಎಲ್ಲರೂ ಮಾಡುವುದು ಉಜ್ಜುವುದು. ಉಜ್ಜಿದರೆ ಕಲೆ ಅಗಲವಾಗುತ್ತದೆ, ಬುಡಕ್ಕಿಳಿಯುತ್ತದೆ, ನೂಲಿನ ತುದಿ ಬಿಚ್ಚಿಕೊಂಡು ಆ ಜಾಗ ಶಾಶ್ವತವಾಗಿ ಬೇರೆಯಾಗಿ ಕಾಣುತ್ತದೆ. ಒತ್ತಬೇಕು, ಉಜ್ಜಬಾರದು. ಗಟ್ಟಿ ಏನಾದರೂ ಬಿದ್ದಿದ್ದರೆ ಚಮಚದಿಂದ ಎತ್ತಿ ತೆಗೆದು, ಒಣ ಬಿಳಿ ಬಟ್ಟೆಯನ್ನು ಇಟ್ಟು ಅಂಗೈಯಿಂದಲೋ ಹಿಮ್ಮಡಿಯಿಂದಲೋ ಭಾರ ಕೊಟ್ಟು ಒತ್ತಿ, ಬಟ್ಟೆ ಮಡಚಿ ಹೊಸ ಭಾಗ ಇಟ್ಟು ಮತ್ತೆ ಒತ್ತಿ, ಬಟ್ಟೆಗೆ ಏನೂ ಹತ್ತದೆ ಇರುವ ತನಕ ಇದನ್ನೇ ಮಾಡುತ್ತಿರಿ. ಅರ್ಧಕ್ಕಿಂತ ಜಾಸ್ತಿ ಕೆಲಸ ಇಲ್ಲೇ ಮುಗಿದಿರುತ್ತದೆ. ಬಣ್ಣದ ಬಟ್ಟೆ ಬಳಸಬೇಡಿ, ಅದರ ಬಣ್ಣ ಇಳಿದರೆ ಇನ್ನೊಂದು ಕಲೆ.

ಆಮೇಲೆ ಒಂದು ಲೋಟ ನೀರಿಗೆ ಪಾತ್ರೆ ತೊಳೆಯುವ ದ್ರವ ನಾಲ್ಕೈದು ಹನಿ. ಅಷ್ಟು ಸಾಕು. ಅದನ್ನು ಕಾರ್ಪೆಟ್ ಮೇಲೆ ಸುರಿಯಬೇಡಿ, ಬಟ್ಟೆಗೆ ಹಚ್ಚಿಕೊಂಡು ಕಲೆಯ ಅಂಚಿನಿಂದ ನಡುವಿಗೆ ಒತ್ತುತ್ತಾ ಬನ್ನಿ. ಕಲೆ ಹೋದ ಮೇಲೆ ಬರೀ ನೀರಿನ ಬಟ್ಟೆಯಿಂದ ಒತ್ತಿ ಸೋಪು ತೆಗೆಯಿರಿ. ಈ ಕೊನೆಯ ಹೆಜ್ಜೆಯನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ನೂಲಿನಲ್ಲಿ ಉಳಿದ ಸೋಪು ಅಂಟಂಟಾಗಿ, ಕಾಲಿನ ಧೂಳನ್ನೆಲ್ಲ ಹಿಡಿದುಕೊಳ್ಳುತ್ತದೆ. ಕೆಲವೇ ವಾರದಲ್ಲಿ ತೊಳೆದ ಜಾಗವೇ ಉಳಿದದ್ದಕ್ಕಿಂತ ಕಪ್ಪಾಗಿ ಕಾಣುತ್ತದೆ. ಕಲೆ ವಾಪಸ್ ಬಂತು ಅಂತ ಮತ್ತೆ ಸೋಪು ಹಾಕುತ್ತಾರೆ. ಇದಕ್ಕೆ ಕೊನೆ ಎಲ್ಲಿ?

ಕಲೆ ನಿಜವಾಗಿಯೇ ವಾಪಸ್ ಬರುವುದೂ ಉಂಟು. ಬುಡದಲ್ಲಿ ಉಳಿದದ್ದು ಒಣಗುವಾಗ ನೀರಿನ ಜೊತೆ ನೂಲು ಹಿಡಿದು ಮೇಲೆ ಬರುತ್ತದೆ, ದೀಪದ ಬತ್ತಿ ಎಣ್ಣೆ ಎಳೆಯುವ ಹಾಗೆ. ಅದಕ್ಕೆ ಉಪಾಯ ಏನೆಂದರೆ ಒದ್ದೆ ಜಾಗದ ಮೇಲೆ ದಪ್ಪ ಬಿಳಿ ಟವೆಲ್ ಮಡಚಿಟ್ಟು, ಅದರ ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಭಾರದ ಪುಸ್ತಕಗಳನ್ನು ರಾತ್ರಿಯೆಲ್ಲ ಹೇರಿಡುವುದು. ಮೇಲೆ ಬರುವ ಕಲೆ ಟವೆಲ್ಲಿಗೆ ಹೋಗುತ್ತದೆ. ಬೆಳಿಗ್ಗೆ ಎಲ್ಲ ತೆಗೆದು ಗಾಳಿಗೆ ಬಿಡಿ.

ರಕ್ತ, ಹಾಲು, ಮೊಟ್ಟೆ, ವಾಂತಿ ಇಂಥವಕ್ಕೆ ತಣ್ಣೀರೇ ಬೇಕು. ಬಿಸಿ ತಾಗಿದರೆ ಅದರಲ್ಲಿರುವ ಪ್ರೋಟೀನ್ ಗಟ್ಟಿಯಾಗಿ ನೂಲಿಗೆ ಕಚ್ಚಿಕೊಳ್ಳುತ್ತದೆ. ಎಣ್ಣೆ ಬಿದ್ದರೆ ಮೊದಲು ಕಾರ್ನ್‌ಫ್ಲೋರ್‌ನಂಥ ಒಣ ಪುಡಿ ಉದುರಿಸಿ ಹೀರಲು ಬಿಟ್ಟು, ಪುಡಿ ತೆಗೆದ ಮೇಲೆ ಸೋಪುನೀರು. ಬಾಲ್‌ಪೆನ್ ಇಂಕಿಗೆ ಬಟ್ಟೆಯ ತುದಿಗೆ ಸ್ಪಿರಿಟ್ ಹಚ್ಚಿ ಒತ್ತಬಹುದು, ಕಾರ್ಪೆಟ್ ಮೇಲೆ ನೇರವಾಗಿ ಸುರಿಯುವುದು ಬೇಡ, ಸ್ಪಿರಿಟ್ ಹಿಂಭಾಗದ ಅಂಟಿನ ತನಕ ಇಳಿದರೆ ಅಂಟು ಸಡಿಲವಾಗುತ್ತದೆ. ಚೂಯಿಂಗ್ ಗಮ್, ಮೇಣಕ್ಕೆ ಐಸ್ ಇಟ್ಟು ಗಟ್ಟಿ ಮಾಡಿ ಪುಡಿಮಾಡಿ ತೆಗೆಯುವುದೇ ಸರಿ. ಹೈಡ್ರೋಜನ್ ಪೆರಾಕ್ಸೈಡ್ 3 ಪರ್ಸೆಂಟ್‌ನದು ಬಿಳಿಯ ಸಿಂಥೆಟಿಕ್ ಕಾರ್ಪೆಟ್ಟಿಗೆ ಕೆಲಸ ಮಾಡುತ್ತದೆ, ಬಣ್ಣದ್ದಕ್ಕೆ ಹಾಕಿದರೆ ಕಲೆಯ ಜೊತೆ ಕಾರ್ಪೆಟ್ಟಿನ ಬಣ್ಣವೂ ಹೋಗಬಹುದು.

ನಾಯಿ, ಬೆಕ್ಕಿನ ಮೂತ್ರದ್ದು ಬೇರೆಯೇ ಕಥೆ. ಮೇಲೆ ಅಂಗೈಯಗಲ ಕಂಡರೆ ಕೆಳಗೆ ತಟ್ಟೆಯಗಲ ಹರಡಿರುತ್ತದೆ. ಅದರಲ್ಲಿರುವ ಯೂರಿಕ್ ಆಮ್ಲ ನೀರಲ್ಲಿ ಅಷ್ಟು ಸುಲಭಕ್ಕೆ ಕರಗುವುದಿಲ್ಲ, ಒಣಗಿ ಹರಳಾಗಿ ಕೂರುತ್ತದೆ. ಗಾಳಿಯಲ್ಲಿ ತೇವ ಹೆಚ್ಚಾದಾಗಲೆಲ್ಲ ವಾಸನೆ ಮತ್ತೆ ಏಳುವುದು ಇದಕ್ಕೇ. ಅಮೋನಿಯಾ ಇರುವ ಕ್ಲೀನರ್ ಹಾಕಿದರೆ ಆ ಪ್ರಾಣಿಗೆ ಅದು ಮೂತ್ರದ ವಾಸನೆಯಂತೆಯೇ ಇರುತ್ತದೆ, ಮತ್ತೆ ಅಲ್ಲೇ ಬಂದು ನಿಲ್ಲುತ್ತದೆ. ಸಾಕುಪ್ರಾಣಿಗಳ ಕಲೆಗೆಂದೇ ಮಾಡಿದ ಕಿಣ್ವದ ಕ್ಲೀನರ್ ಸಿಗುತ್ತದೆ, ಅದನ್ನು ಬುಡದ ತನಕ ಇಳಿಯುವಷ್ಟು ಹಾಕಿ, ಬಾಟಲಿಯ ಮೇಲೆ ಬರೆದಷ್ಟು ಹೊತ್ತು ಬಿಡಬೇಕು. ಕಡಿಮೆ ದ್ರವ ಬಳಸಿ ಅಂತ ನಾನು ಹೇಳುತ್ತಿರುವುದಕ್ಕೆ ಇದೊಂದೇ ಅಪವಾದ. ಆದರೆ ಉಣ್ಣೆಯಾದರೆ, ಉಣ್ಣೆಗೆ ಆಗುತ್ತದೆ ಎಂದು ಬಾಟಲಿಯ ಮೇಲೆ ಬರೆದಿದೆಯಾ ನೋಡಿಯೇ ಹಾಕಿ.

ಪೂರ್ತಿ ಕಾರ್ಪೆಟ್ ತೊಳೆಸುವವರಿಗೂ ಎರಡು ಮಾತು. ಸ್ಟೀಮ್ ಮಾಡುತ್ತೇವೆ ಅಂತ ಬರುವವರು ಸಾಮಾನ್ಯವಾಗಿ ಮಾಡುವುದು ಬಿಸಿನೀರು ಮತ್ತು ಕ್ಲೀನರನ್ನು ಒತ್ತಡದಲ್ಲಿ ಸಿಂಪಡಿಸಿ, ಕೂಡಲೇ ಅದೇ ಮೆಷಿನ್ನಿನಿಂದ ಕೊಳೆನೀರನ್ನು ವಾಪಸ್ ಎಳೆಯುವುದು. ನೆಲಕ್ಕೆ ಅಂಟಿಸಿದ ಸಿಂಥೆಟಿಕ್ ಕಾರ್ಪೆಟ್ಟಿಗೆ ಆಳದ ಕೊಳೆ ತೆಗೆಯಲು ಇದೇ ಒಳ್ಳೆಯ ದಾರಿ. ಆದರೆ ಕೆಲಸ ನಿಂತಿರುವುದು ಸಿಂಪಡಿಸುವುದರಲ್ಲಲ್ಲ, ವಾಪಸ್ ಎಳೆಯುವುದರಲ್ಲಿ. ಒಂದು ಸಲ ನೀರು ಬಿಟ್ಟರೆ ಎರಡು ಮೂರು ಸಲ ಬರೀ ಎಳೆಯಬೇಕು. ಬಾಡಿಗೆಗೆ ಮೆಷಿನ್ ತಂದು ತಾವೇ ಮಾಡುವವರು ಇಲ್ಲೇ ಎಡವುವುದು, ನೀರು ಬಿಡುವ ಗುಂಡಿಯಿಂದ ಬೆರಳೇ ತೆಗೆಯುವುದಿಲ್ಲ. ತಿರುಗುವ ಬ್ರಷ್ಷಿನಿಂದ ಶಾಂಪೂ ನೊರೆ ಹಾಕಿ ತಿಕ್ಕುವುದು ಹಳೆಯ ಕ್ರಮ. ನೋಡಲು ಅಂದವಾಗಿ ಆಗುತ್ತದೆ, ಆದರೆ ನೊರೆ ಒಳಗೇ ಉಳಿಯುತ್ತದೆ. ಈಗ ಒಣಗಿದ ಮೇಲೆ ಕೊಳೆಯನ್ನು ಸುತ್ತಿಕೊಂಡು ಹರಳಿನಂತೆ ಪುಡಿಯಾಗುವ ದ್ರವಗಳು ಬಂದಿವೆ, ಅವನ್ನು ವ್ಯಾಕ್ಯೂಮ್‌ನಲ್ಲಿ ಎಳೆದು ತೆಗೆಯಬಹುದು. ತೇವದ ಪುಡಿ ಉದುರಿಸಿ ಬ್ರಷ್‌ನಿಂದ ಹರಡಿ ಆಮೇಲೆ ವ್ಯಾಕ್ಯೂಮ್ ಮಾಡುವ ಕ್ರಮವೂ ಇದೆ, ನೀರು ಕಂಡರೆ ಆಗದ ಸೆಣಬಿನಂಥ ನೂಲಿಗೆ ಅದು ಹೊಂದುತ್ತದೆ. ಕೈನೇಯ್ಗೆಯ ಉಣ್ಣೆ, ರೇಷ್ಮೆಯದ್ದನ್ನು ಮಾತ್ರ ಆ ಕೆಲಸ ಬಲ್ಲವರಿಗೇ ಕೊಡಿ. ಬಂದವರನ್ನು ಸುಮ್ನೆ ಮೂರು ಪ್ರಶ್ನೆ ಕೇಳಿ. ಇದು ಯಾವ ನೂಲು, ಮೊದಲು ವ್ಯಾಕ್ಯೂಮ್ ಮಾಡುತ್ತೀರಾ, ಎಷ್ಟು ಗಂಟೆಯಲ್ಲಿ ಒಣಗುತ್ತದೆ? ನೂಲನ್ನು ಮುಟ್ಟಿಯೂ ನೋಡದೆ ರೇಟು ಹೇಳಿದರೆ ಬಾಗಿಲಿಂದಲೇ ಕಳಿಸಿಬಿಡಿ.

ಒಣಗಿಸುವುದು. ನನ್ನ ಮಟ್ಟಿಗೆ ತೊಳೆಯುವುದಕ್ಕಿಂತ ಇದೇ ದೊಡ್ಡ ಕೆಲಸ. ಒದ್ದೆಯಾದ ಕಾರ್ಪೆಟ್ 24ರಿಂದ 48 ಗಂಟೆಯೊಳಗೆ ಪೂರ್ತಿ ಒಣಗದಿದ್ದರೆ ಬೂಸ್ಟು ಹಿಡಿಯಲು ಶುರುವಾಗುತ್ತದೆ. ಮೇಲೆ ಕೈ ಆಡಿಸಿ ಒಣಗಿದೆ ಅನ್ನುವುದು ಬರೀ ಭ್ರಮೆ. ಮೇಲಿನ ನೂಲು ಬೇಗ ಒಣಗುತ್ತದೆ, ಬೆನ್ನು ಒದ್ದೆಯೇ ಇರುತ್ತದೆ. ಯಂತ್ರದಲ್ಲಿ ಮಾಡಿದ ಎಷ್ಟೋ ಕಾರ್ಪೆಟ್‌ಗಳಲ್ಲಿ ನೂಲನ್ನು ಹಿಡಿದಿಟ್ಟಿರುವುದು ಹಿಂಭಾಗದ ಲ್ಯಾಟೆಕ್ಸ್ ಅಂಟು. ಅದು ಮತ್ತೆ ಮತ್ತೆ ನೆನೆದರೆ ಪದರ ಬಿಟ್ಟುಕೊಂಡು ಉದುರುತ್ತದೆ. ಬೆನ್ನಿಗೆ ಸೆಣಬಿದ್ದರೆ ಅದು ಕೊಳೆಯುತ್ತದೆ. ಕೆಳಗಿರುವುದು ಮರದ ನೆಲವಾದರೆ ಹಲಗೆ ಉಬ್ಬುತ್ತದೆ. ಹಾಗಾಗಿ ಎತ್ತಬಹುದಾದದ್ದನ್ನು ಎತ್ತಿ, ಎರಡು ಕಡೆಯೂ ಗಾಳಿ ಆಡುವ ಹಾಗೆ ಹಾಕಿ. ಎತ್ತಲಾಗದಿದ್ದರೆ ಕಿಟಕಿ ತೆಗೆದು, ಫ್ಯಾನನ್ನು ನೆಲಮಟ್ಟದಲ್ಲಿಟ್ಟು ಅಡ್ಡಲಾಗಿ ಗಾಳಿ ಹಾಯಿಸಿ. ಹೊರಗೆ ತೇವದ ಗಾಳಿ ಇರುವ ದಿನ ಕಿಟಕಿ ತೆಗೆದರೂ ಪ್ರಯೋಜನ ಕಡಿಮೆ, ಅಂಥ ದಿನ ತೊಳೆಯಲೇ ಬೇಡಿ. ಬಿಸಿಲು ಒಳ್ಳೆಯದೇ, ಆದರೆ ಬೆನ್ನು ಮೇಲೆ ಮಾಡಿ ಹಾಕಿ, ದಿನಗಟ್ಟಲೆ ಬಿಟ್ಟರೆ ಬಣ್ಣ ಮಾಸುತ್ತದೆ. ಪೂರ್ತಿ ಒಣಗುವ ಮೊದಲು ಮೇಜು ಕುರ್ಚಿ ವಾಪಸ್ ಇಟ್ಟರೆ ಕಬ್ಬಿಣದ ಕಾಲಿನ ತುಕ್ಕು, ಮರದ ಪಾಲಿಷ್ ಎರಡೂ ಇಳಿದು ಕೂರುತ್ತವೆ, ಅವು ಹೋಗುವ ಕಲೆಗಳಲ್ಲ. ಇಡಲೇಬೇಕಾದರೆ ಕಾಲಿನ ಕೆಳಗೆ ಪ್ಲಾಸ್ಟಿಕ್ ತುಂಡು ಇಡಿ.

ಧೂಳಿನ ಅಲರ್ಜಿ ಇರುವವರ ಮನೆಯಲ್ಲಿ ಈ ತೇವದ ಮಾತು ಇನ್ನೂ ಮುಖ್ಯ. ಧೂಳಿನ ನುಸಿ ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಹೀರಿಕೊಂಡು ಬದುಕುತ್ತದೆ. ಕೋಣೆಯ ತೇವಾಂಶ 50 ಪರ್ಸೆಂಟ್‌ಗಿಂತ ಕೆಳಗಿದ್ದರೆ ಅದು ಉಳಿಯುವುದು ಕಷ್ಟ. ಸರಿಯಾಗಿ ಒಣಗಿಸದ ಕಾರ್ಪೆಟ್ ಅದಕ್ಕೆ ಮನೆ ಕಟ್ಟಿಕೊಟ್ಟ ಹಾಗೆ. ಅಂಥವರು ವ್ಯಾಕ್ಯೂಮ್ ಕೊಳ್ಳುವಾಗ ಹೆಪಾ ಫಿಲ್ಟರ್ ಇರುವುದನ್ನು ನೋಡಿ, ಇಲ್ಲದಿದ್ದರೆ ಮುಂದಿನಿಂದ ಎಳೆದ ಸಣ್ಣ ಧೂಳು ಹಿಂದಿನಿಂದ ಗಾಳಿಗೆ ಬರುತ್ತದೆ. ಉಣ್ಣೆಯದಾದರೆ ಸೋಫಾ, ಮಂಚದ ಕೆಳಗಿನ ಭಾಗವನ್ನೂ ಆಗಾಗ ಸರಿಸಿ ಗುಡಿಸಬೇಕು. ಬಟ್ಟೆ ತಿನ್ನುವ ಪತಂಗದ ಹುಳು ಕತ್ತಲೆ, ಓಡಾಟವಿಲ್ಲದ ಜಾಗದಲ್ಲೇ ಉಣ್ಣೆ ಮೇಯುವುದು.

ಎರಡು ಅಪಾಯದ ಮಾತು ಹೇಳಲೇಬೇಕು. ಬ್ಲೀಚ್ ಜೊತೆ ವಿನೆಗರ್ ಸೇರಿದರೆ ಕ್ಲೋರಿನ್ ಗಾಳಿ ಏಳುತ್ತದೆ, ಬ್ಲೀಚ್ ಜೊತೆ ಅಮೋನಿಯಾ ಸೇರಿದರೆ ಕ್ಲೋರಮೀನ್. ಎರಡೂ ಶ್ವಾಸಕೋಶಕ್ಕೆ ವಿಷ. ಒಂದು ಹಾಕಿ ಕಲೆ ಹೋಗಲಿಲ್ಲ ಅಂತ ಅದರ ಮೇಲೇ ಇನ್ನೊಂದು ಸುರಿಯುವವರು ಇದನ್ನು ಗಮನಿಸಬೇಕು. ಇನ್ನೊಂದು, ಒಣ ಕಸಕ್ಕೆಂದು ಮಾಡಿದ ಸಾಮಾನ್ಯ ವ್ಯಾಕ್ಯೂಮ್‌ನಲ್ಲಿ ನೀರು ಎಳೆಯಬೇಡಿ. ಮೋಟಾರ್ ಹೋಗುವುದು ಬಿಡಿ, ಕರೆಂಟ್ ಹೊಡೆಯುತ್ತದೆ.

ಇಷ್ಟೆಲ್ಲ ಬರೆದದ್ದು ನಿಮ್ಮ ಪುಟವನ್ನು ಆಡಿಕೊಳ್ಳಲು ಅಲ್ಲ. ಜಾಗ ಕಡಿಮೆ, ನಾಲ್ಕೇ ಸಾಲಲ್ಲಿ ಹೇಳಬೇಕು, ಅದು ಗೊತ್ತು. ಆದರೆ ಆ ನಾಲ್ಕು ಸಾಲಿನ ಜೊತೆ ಇನ್ನೆರಡು ಸಾಲು ಹಾಕಿ. ಇದು ಯಾವ ನೂಲಿಗೆ ಆಗುತ್ತದೆ, ಯಾವುದಕ್ಕೆ ಆಗುವುದಿಲ್ಲ ಅಂತ ಒಂದು. ಎಷ್ಟು ಹೊತ್ತಿನೊಳಗೆ ಹೇಗೆ ಒಣಗಿಸಬೇಕು ಅಂತ ಇನ್ನೊಂದು. ಕಾರ್ಪೆಟ್ ಮಾಡುವವರಿಗೂ ನಿಮ್ಮ ಮೂಲಕ ಒಂದು ಮಾತು ಹೇಳಬೇಕಿದೆ. ಈಗ ಅಂಟಿಸುವ ಕಾಗದದ ಚೀಟಿ ಮೊದಲ ಸಲ ಗುಡಿಸುವಾಗಲೇ ಕಿತ್ತು ಹೋಗುತ್ತದೆ. ಒಂದು ಅಂಗಿಯ ಕಾಲರಿನಲ್ಲಿ ಒಗೆಯುವ ಕ್ರಮ ಹೊಲಿದಿರುತ್ತಾರೆ ಅಲ್ವಾ, ಹಾಗೆ ಬೆನ್ನಿನ ಮೂಲೆಯಲ್ಲಿ ನೂಲಿನ ಹೆಸರು, ನೀರು ಹಾಕಬಹುದೋ ಬಾರದೋ ಅನ್ನುವುದನ್ನು ಹೊಲಿದು ಕೊಡಲಿ. ಆಗ ಎಳೆ ಕಿತ್ತು ಬೆಂಕಿ ಹಚ್ಚಿ ನೋಡುವ ಕಷ್ಟ ಯಾರಿಗೂ ಇರುವುದಿಲ್ಲ.

ಇಂತಿ,
ನಿಮ್ಮ ಪತ್ರಿಕೆಯ ಓದುಗ